ಆ ಕವಳೆ ಪೊದೆಗಳನ್ನು ಕೀಳಿಸಬೇಡ

ಸಾಮರ್ಸೆಟ್, ಇಂಗ್ಲೆಂಡ್
ಅಕ್ಟೋಬರ್ ಕೊನೆಯ ವಾರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಅಡಿಕೆ ಕೊಯ್ಲು ಶುರುವಾಗುವ ಮೊದಲು ಸೊಪ್ಪಿನ ಬೆಟ್ಟದ ಅಂಚಿನ ಕವಳೆ ಪೊದೆಗಳನ್ನೆಲ್ಲ ಜೆಸಿಬಿಯಲ್ಲಿ ಕೀಳಿಸಿ ತಂತಿಬೇಲಿ ಹಾಕಿಸುತ್ತೇನೆ ಎಂದು ಬರೆದಿದ್ದೀಯ. ಅದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ನನ್ನ ಹಿತ್ತಿಲಲ್ಲಿ ಏನು ಬೆಳೆದಿದೆ ಎಂದೂ ಕೇಳಿದ್ದೀಯಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ.

ಹಿತ್ತಿಲ ಕೊನೆಯಲ್ಲಿ ನಾನು ಬರುವುದಕ್ಕೂ ಎಷ್ಟೋ ಮೊದಲಿನ ಒಂದು ಬೇಲಿ ಇದೆ. ಗಿಡದ ಹೆಸರು ಬ್ಲ್ಯಾಕ್‌ಥಾರ್ನ್. ಕಪ್ಪು ತೊಗಟೆ, ಸೂಜಿಯಂಥ ಮುಳ್ಳು. ಮಾರ್ಚ್ ಹೊತ್ತಿಗೆ ಎಲೆಗಿಂತ ಮೊದಲೇ ಹೂ ಬಂದು, ಬೋಳು ಕೊಂಬೆಗಳ ಮೇಲೆ ಅರಳು ಚೆಲ್ಲಿದ ಹಾಗೆ ಕಾಣುತ್ತದೆ. ಆಗ ಚಳಿ ಮರಳಿ ಬಂದರೆ ಇಲ್ಲಿನವರು ಅದನ್ನು ಬ್ಲ್ಯಾಕ್‌ಥಾರ್ನ್ ಚಳಿಗಾಲ ಎನ್ನುತ್ತಾರೆ. ಹಣ್ಣಿಗೆ ಸ್ಲೋ ಎಂದು ಹೆಸರು. ಗೋಲಿಯಷ್ಟು ಗಾತ್ರ, ನೀಲಿಗಪ್ಪು ಬಣ್ಣ, ಮೇಲೆ ಬೂದಿ ಸವರಿದಂಥ ಪೊರೆ. ಬೆರಳು ತಾಗಿದರೆ ಅಲ್ಲಿ ಅಚ್ಚು ಮೂಡುತ್ತದೆ.

ಮೊದಲ ಸಲ ಕಂಡಾಗ ನನಗೆ ಕವಳೆ ಹಣ್ಣೇ ಎದುರಿಗೆ ನಿಂತಂತಾಗಿ, ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡಿದ್ದೆ. ಅಡಿಕೆ ಬೇಯಿಸಿದ ಚೊಗರನ್ನು ನೆಕ್ಕಿದ ಹಾಗಾಯಿತು. ನಾಲಿಗೆ, ಒಸಡು, ಕೆನ್ನೆಯ ಒಳಭಾಗ ಎಲ್ಲವೂ ಒಗರಿಗೆ ಬಿಗಿದುಕೊಂಡವು. ಅಡಿಕೆಯಲ್ಲಿರುವಂತೆ ಇದರಲ್ಲೂ ಟ್ಯಾನಿನ್ ತುಂಬಿದೆ. ಕವಳೆಗೂ ಇದಕ್ಕೂ ನೆಂಟಸ್ತಿಕೆಯೇನೂ ಇಲ್ಲ. ಕವಳೆ ಕಣಗಿಲೆಯ ಬಳಗದ್ದು, ಕಾಯಿ ಕಿತ್ತರೆ ಹಾಲು ಒಸರುತ್ತದೆ. ಇದು ಪ್ಲಮ್ ಮತ್ತು ಜರ್ದಾಳುವಿನ ಕುಲ. ಆದರೂ ಮುಳ್ಳಿನ ನಡುವೆ ಕೈ ತೂರಿಸಿ ಹಣ್ಣು ಬಿಡಿಸುವಾಗ ನಾವಿಬ್ಬರೂ ಬೆಟ್ಟದಲ್ಲಿ ಎಲೆಯ ಕೊಟ್ಟೆ ಹಿಡಿದು ಅಲೆದ ಬೇಸಗೆಗಳೇ ನೆನಪಾಗುತ್ತವೆ.

ಕೊಯ್ಯುವ ಕ್ರಮವನ್ನು ಹೇಳಿಕೊಟ್ಟವರು ಪಕ್ಕದ ಮನೆಯ ಅಜ್ಜಿ. ಸೆಪ್ಟೆಂಬರಿನಲ್ಲೇ ಬಣ್ಣ ತಿರುಗಿದರೂ ಆತುರಪಡಬಾರದು, ಬೆರಳಲ್ಲಿ ಒತ್ತಿದರೆ ಸ್ವಲ್ಪ ಮೆತ್ತಗಾಗಿರಬೇಕು. ಮೊದಲ ಹಿಮ ಬಿದ್ದ ಮೇಲೆಯೇ ಕೊಯ್ಯಬೇಕೆಂಬುದು ಹಳಬರ ಮಾತು. ಹೆಪ್ಪುಗಟ್ಟಿ ಕರಗಿದಾಗ ಸಿಪ್ಪೆ ಒಡೆದು ರಸ ಬಿಡುತ್ತದೆ. ಹಿಮಕ್ಕೆ ಕಾಯುತ್ತ ಕೂತರೆ ಹಕ್ಕಿಗಳು ಮುಗಿಸಿಬಿಡುತ್ತವೆ ಎಂದು ಅಜ್ಜಿ ಈಗಲೇ ಕೊಯ್ದು ಒಂದು ರಾತ್ರಿ ಫ್ರೀಜರ್‌ನಲ್ಲಿ ಇಡುತ್ತಾರೆ. ನಾನೂ ಹಾಗೆಯೇ ಮಾಡುತ್ತೇನೆ. ದಪ್ಪ ಚರ್ಮದ ಕೈಗವಸು ಮಾತ್ರ ಬೇಕೇ ಬೇಕು. ಮೊದಲ ವರ್ಷ ಬರಿಗೈಯಲ್ಲಿ ಹೋಗಿ ಬೆರಳ ಗೆಣ್ಣಿಗೆ ಮುಳ್ಳು ಚುಚ್ಚಿಸಿಕೊಂಡೆ. ತುದಿ ಒಳಗೇ ಮುರಿದು ಉಳಿದು ವಾರಗಟ್ಟಲೆ ಬಾವು ಇಳಿಯಲಿಲ್ಲ, ಕೊನೆಗೆ ವೈದ್ಯರು ಕೊಯ್ದು ತೆಗೆಯಬೇಕಾಯಿತು.

ಇಲ್ಲಿನವರು ಹೆಚ್ಚಾಗಿ ಮಾಡುವುದು ಸ್ಲೋ ಜಿನ್. ಅಜ್ಜಿಯ ಅಳತೆ ಹೀಗಿದೆ: 450 ಗ್ರಾಂ ಹಣ್ಣು, 225 ಗ್ರಾಂ ಸಕ್ಕರೆ, ಒಂದು ಲೀಟರ್ ಜಿನ್. ಗಾಜಿನ ಜಾಡಿಗೆ ತುಂಬಿ ಮೊದಲ ವಾರ ದಿನವೂ ಅಲುಗಿಸಬೇಕು, ಆಮೇಲೆ ವಾರಕ್ಕೊಮ್ಮೆ ಸಾಕು. ಮೂರು ತಿಂಗಳಿಗೆ ಮಾಣಿಕ್ಯದ ಬಣ್ಣ ಬರುತ್ತದೆ. ಸ್ಪೇನಿನ ನವಾರಾ ಪ್ರಾಂತ್ಯದಲ್ಲಿ ಇದೇ ಹಣ್ಣನ್ನು ಸೋಂಪಿನ ಪರಿಮಳದ ಮದ್ಯದಲ್ಲಿ ನೆನೆಸಿ ಪಚರಾನ್ ಎಂಬ ಪಾನೀಯ ಮಾಡುತ್ತಾರೆ.

ನನಗೆ ಇಷ್ಟವಾದದ್ದು ಜೆಲ್ಲಿ. ಹಣ್ಣಿನಷ್ಟೇ ತೂಕದ ಹುಳಿ ಸೇಬು ಹೆಚ್ಚಿ ಹಾಕಿ, ಮುಳುಗುವಷ್ಟು ನೀರಿಟ್ಟು ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕುತ್ತೇನೆ. ಹಿಂಡಬಾರದು, ಹಿಂಡಿದರೆ ಜೆಲ್ಲಿ ಮಬ್ಬಾಗುತ್ತದೆ. ಇಳಿದ ರಸದ 600 ಮಿಲಿಲೀಟರಿಗೆ 450 ಗ್ರಾಂ ಸಕ್ಕರೆ. ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಿನಿಂದ ತಳ್ಳಿದಾಗ ಸುಕ್ಕುಗಟ್ಟಿದರೆ ಪಾಕ ಬಂತು. ಸೇಬಿನ ಪೆಕ್ಟಿನ್‌ನಿಂದ ಅದು ಚೆನ್ನಾಗಿ ಗಟ್ಟಿಯಾಗುತ್ತದೆ. ದೋಸೆಯ ಜೊತೆ ಅದರ ಹುಳಿಸಿಹಿ ಎಷ್ಟು ಹೊಂದುತ್ತದೆಂದು ಬರೆದು ತಿಳಿಸಲಾರೆ. ಬೀಜದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕಹಿ ಬಾದಾಮಿಯಲ್ಲಿರುವಂತೆ ಒಳತಿರುಳಿನಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ಆದ್ದರಿಂದ ಮಿಕ್ಸಿಗೆ ಹಾಕಿ ಅರೆಯಲೇಬಾರದು.

ಹೋದ ವರ್ಷ ಒಂದು ಸಣ್ಣ ಭರಣಿಯಲ್ಲಿ ಉಪ್ಪಿನಲ್ಲಿಯೂ ಹಾಕಿ ನೋಡಿದೆ, ನಿಮ್ಮ ಆಯಿ ಎಳೆಯ ಕವಳೆಕಾಯಿಗೆ ಮಾಡುತ್ತಿದ್ದಂತೆ. ಎರಡು ತಿಂಗಳು ಕಳೆದ ಮೇಲೆ ಮುಚ್ಚಳ ತೆಗೆದೆ. ಒಗರು ಅರ್ಧಕ್ಕರ್ಧ ಇಳಿದಿತ್ತು. ಗಂಜಿಗೆ ಒಂದು ನಂಚಿಕೊಂಡೆ. ಆ ದಿನ ನಿಮ್ಮ ಮನೆಯ ಅಡುಗೆಮನೆಯ ಜಗುಲಿಯ ಮೇಲೆ ಕೂತಿದ್ದೆ ಎಂದೇ ತಿಳಿದುಕೋ.

1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, 5,000 ವರ್ಷಕ್ಕೂ ಹಿಂದಿನ ಮನುಷ್ಯನ ದೇಹದ ಬಳಿ ಒಂದು ಸ್ಲೋ ಹಣ್ಣು ಸಿಕ್ಕಿತ್ತು. ಅಷ್ಟು ಕಾಲದಿಂದ ಜನ ಈ ಒಗರನ್ನು ನಂಬಿಕೊಂಡು ಬಂದಿದ್ದಾರೆ.

ಬೇಲಿಯನ್ನು ನಾನು ಒಂದೇ ವರ್ಷ ಪೂರ್ತಿ ಸವರುವುದಿಲ್ಲ, ವರ್ಷಕ್ಕೆ ಮೂರನೆಯ ಒಂದು ಭಾಗ ಮಾತ್ರ. ಬ್ರೌನ್ ಹೇರ್‌ಸ್ಟ್ರೀಕ್ ಎಂಬ ಚಿಟ್ಟೆ ಬೇಸಗೆಯ ಕೊನೆಗೆ ಬ್ಲ್ಯಾಕ್‌ಥಾರ್ನಿನ ಎಳೆಗೊಂಬೆಗಳ ಮೇಲೆ ಮೊಟ್ಟೆ ಇಡುತ್ತದೆ. ಗುಂಡುಸೂಜಿಯ ತಲೆಗಿಂತ ಚಿಕ್ಕ ಬಿಳಿ ಮೊಟ್ಟೆಗಳು. ಚಳಿಗಾಲವಿಡೀ ಅವು ಅಲ್ಲೇ ಕಾಯುತ್ತವೆ. ಯಂತ್ರ ತಂದು ಬೇಲಿಯನ್ನು ಪೂರ್ತಿ ಸವರಿದರೆ ಮುಂದಿನ ವರ್ಷದ ಚಿಟ್ಟೆಗಳೇ ಕೊಂಬೆಯೊಡನೆ ಹೋಗಿಬಿಡುತ್ತವೆ. ಮೇಲ್ಗೊಂಬೆಗಳ ಹಣ್ಣನ್ನು ಹಕ್ಕಿಗಳಿಗೇ ಬಿಟ್ಟಿದ್ದೇನೆ.

ನಿನ್ನ ತೊಂದರೆ ನನಗೆ ಅರ್ಥವಾಗುತ್ತದೆ. ದನ ನುಗ್ಗುತ್ತವೆ, ಆಳು ಸಿಗುವುದಿಲ್ಲ. ತಂತಿ ಹಾಕಿಸು, ಬೇಡವೆನ್ನುವುದಿಲ್ಲ. ಆದರೆ ಕವಳೆಯನ್ನು ಕೀಳದೆ ಅದರ ಒಳಬದಿಯಲ್ಲಿ ಹಾಕಿಸು, ದಾರಿಗೆ ಅಡ್ಡ ಬಂದ ಕೊಂಬೆಗಳನ್ನಷ್ಟೇ ಕಡಿಸು. ನೀನು ತಂತಿ ಕಟ್ಟಬೇಕೆಂದಿರುವ ಜಾಗವನ್ನು ಆ ಮುಳ್ಳುಗಳು ನಿನ್ನ ಅಜ್ಜನ ಕಾಲದಿಂದ ಕೂಲಿಯಿಲ್ಲದೆ ಕಾದಿವೆ.

ಮೇ ತಿಂಗಳಲ್ಲಿ ಊರಿಗೆ ಬರುತ್ತೇನೆ. ಜೆಲ್ಲಿಯ ಎರಡು ಬಾಟಲಿಗಳನ್ನು ನಿನಗೆಂದೇ ಎತ್ತಿಟ್ಟಿದ್ದೇನೆ. ಆಗ ಕವಳೆ ಹಣ್ಣಾಗಿರುತ್ತದೆ, ಕೊಟ್ಟೆ ಹಿಡಿದು ಇಬ್ಬರೂ ಬೆಟ್ಟಕ್ಕೆ ಹೋಗೋಣ. ಜೆಸಿಬಿಯವನಿಗೆ ಇವತ್ತೇ ಫೋನ್ ಮಾಡಿ ಬರಬೇಡ ಎಂದು ಹೇಳಿಬಿಡು.

ಆಯಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಹಳೆಯ ಗೆಳೆಯ