ಕರಿ ಕಾಫಿ ಕುಡಿದು ಬಸ್ ಹತ್ತುವ ಹುಡುಗಿಯರು

ಮಾನ್ಯ ಸಂಪಾದಕರೇ,

ವಿರಾಜಪೇಟೆ ತಾಲ್ಲೂಕಿನ ಒಂದು ಬಸ್ ಸ್ಟ್ಯಾಂಡ್ ಎದುರು ನಾನು ಸಣ್ಣ ಕ್ಯಾಂಟೀನ್ ನಡೆಸುತ್ತೇನೆ. ಹನ್ನೊಂದು ವರ್ಷ ಆಯಿತು. ಕಾಲೇಜು ಹುಡುಗಿಯರು ದಿನಾ ಏನು ತಿನ್ನುತ್ತಾರೆ ಅನ್ನುವುದು ಅವರ ಅಮ್ಮಂದಿರಿಗಿಂತ ನನಗೇ ಜಾಸ್ತಿ ಗೊತ್ತು ಅಂದರೆ ಬೇಸರ ಮಾಡಿಕೊಳ್ಳಬೇಡಿ. ಮಧ್ಯಾಹ್ನ ಒಂದು ಪಫ್ಸ್, ಇಬ್ಬರಿಗೆ. ಸಂಜೆ ಒಂದು ಪ್ಲೇಟ್ ಗೋಬಿ ಮಂಚೂರಿ, ನಾಲ್ವರಿಗೆ. ಮಾರುವವಳು ನಾನೇ, ಹಾಗಾಗಿ ಬೈಯುವುದಕ್ಕೂ ಬಾಯಿ ಬರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಒಬ್ಬಳು ಪಿಯುಸಿ ಹುಡುಗಿ ನನ್ನ ಬೆಂಚಿನ ಮೇಲೆ ಕೂತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ನೀರು ಚಿಮುಕಿಸಿ, ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹಿಮೋಗ್ಲೋಬಿನ್ 8.2. ಹನ್ನೆರಡಾದರೂ ಇರಬೇಕಾದ ಕಡೆ! ಬೆಳಿಗ್ಗೆ ಏನು ತಿಂದೆ ಅಂತ ಡಾಕ್ಟರ್ ಕೇಳಿದರೆ "ಕರಿ ಕಾಫಿ" ಅಂದಳು. ರಾತ್ರಿ? "ಸ್ವಲ್ಪ ಅನ್ನ ಸಾರು, ಆಮೇಲೆ ಕಾಫಿ." ಬಡವರ ಮನೆ ಹುಡುಗಿ ಅಂದುಕೊಳ್ಳಬೇಡಿ, ಅವರದ್ದು ಐದಾರು ಎಕರೆ ತೋಟ ಇದೆ.

ಮನೆಗೆ ಬಂದು ನನ್ನ ಮಗಳ ರಕ್ತವನ್ನೂ ಪರೀಕ್ಷೆ ಮಾಡಿಸಿದೆ. 9.6. ಊರಿಗೆಲ್ಲ ತಿಂಡಿ ಮಾಡಿ ಹಾಕುವವಳ ಮಗಳು.

ಇದು ನಮ್ಮೊಬ್ಬರ ಕಥೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ನೂರು ಹುಡುಗಿಯರಲ್ಲಿ 59 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲಿ 31. ತಿಂಗಳು ತಿಂಗಳು ರಕ್ತ ಹೋಗುವುದು ಹುಡುಗಿಯರಿಗೆ, ಆದರೆ ಪಂದಿಕರಿಯ ಒಳ್ಳೆಯ ತುಂಡು ಮೊದಲು ಬೀಳುವುದು ಗಂಡಸರ ತಟ್ಟೆಗೆ. ರಕ್ತ ಆಗುವುದಕ್ಕೆ ಹದಿನಾರು ಹದಿನೇಳರ ಹುಡುಗಿಗೆ ದಿನಕ್ಕೆ 32 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ದೊಡ್ಡ ಗಂಡಸಿಗೆ 19 ಸಾಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2020ರಲ್ಲೇ ಹೇಳಿದ್ದಾರೆ. ಇತ್ತೀಚೆಗಂತೂ ಒಳ್ಳೆಯ ತುಂಡು ಕೊಟ್ಟರೂ ಹುಡುಗಿಯರೇ ಬೇಡ ಅನ್ನುತ್ತಾರೆ, ದಪ್ಪ ಆಗ್ತೀನಿ ಅಂತ. ಪಫ್ಸಿನ ಡಾಲ್ಡಾಗೆ ಮಾತ್ರ ಈ ಭಯ ಇಲ್ಲ ನೋಡಿ.

ಕಾಫಿ ವಿಷಯ ಎತ್ತಿದರೆ ನಮ್ಮ ಜಿಲ್ಲೆಯಲ್ಲಿ ಹೊಡೆಯುವುದಕ್ಕೆ ಬರುತ್ತಾರೆ, ಗೊತ್ತು. ನಾನೂ ದಿನಕ್ಕೆ ಐದು ಲೋಟ ಕುಡಿಯುವವಳೇ. ಆದರೆ ಊಟದ ಜೊತೆ ಅಥವಾ ಊಟ ಆದ ಕೂಡಲೇ ಕಾಫಿ, ಟೀ ಕುಡಿದರೆ ಸೊಪ್ಪು ಕಾಳಿನಲ್ಲಿರುವ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿದರೆ ಸಾಕು, ಕಾಫಿಯನ್ನೇ ಬಿಡಿ ಅಂತ ಯಾರೂ ಹೇಳುತ್ತಿಲ್ಲ. ಊಟದ ಜೊತೆ ಹುಳಿ ಹಣ್ಣು ಇದ್ದರೆ ಇನ್ನೂ ಒಳ್ಳೆಯದಂತೆ. ಮೊದಲು ಪ್ರತಿ ತೋಟದಲ್ಲೂ ಕೊಡಗಿನ ಕಿತ್ತಳೆ ಇತ್ತು, ರೋಗ ಬಂದು ಈಗ ಹುಡುಕಬೇಕು. ನಿಂಬೆ, ಪೇರಳೆ (ಸೀಬೆ) ಇದೆಯಲ್ಲ, ಅದು ಸಾಕು. ಕಕ್ಕಡದಲ್ಲಿ, ಅಂದರೆ ಜುಲೈ–ಆಗಸ್ಟ್‌ನ ಜೋರು ಮಳೆ ತಿಂಗಳಲ್ಲಿ, ನಮ್ಮ ಅಜ್ಜಿ ಏಡಿ ಸಾರು, ಕೆಸದ ಸೊಪ್ಪು, ಕಣಿಲೆ (ಎಳೆ ಬಿದಿರು) ಅಂತ ಒಂದು ದಿನವೂ ಬಿಡದೆ ಮಾಡುತ್ತಿದ್ದರು. ಈಗಿನ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ.

ಆದರೆ ಎಲ್ಲ ತಪ್ಪನ್ನೂ ಹುಡುಗಿಯರ ತಲೆಗೆ ಕಟ್ಟುವುದು ಸುಲಭ, ಅಲ್ವಾ? ಒಳಗಿನ ಊರಿನಿಂದ ಬರುವ ಬಸ್ಸು ಏಳು ಗಂಟೆಗೆ ಹೊರಡುತ್ತದೆ, ಅದು ತಪ್ಪಿದರೆ ಇನ್ನೊಂದು ಹತ್ತಕ್ಕೆ. ಅಷ್ಟು ಹೊತ್ತಿಗೆ ಮನೆಯಲ್ಲಿ ರೊಟ್ಟಿ ಆಗಿರುವುದಿಲ್ಲ. ಡಬ್ಬಿಗೆ ಹಾಕಿಕೊಂಡು ಬಂದ ಅಕ್ಕಿ ರೊಟ್ಟಿ ಮಧ್ಯಾಹ್ನಕ್ಕೆ ಚರ್ಮದ ಹಾಗೆ ಆಗಿರುತ್ತದೆ. ಇನ್ನು ಕೆಲವರು ನೀರನ್ನೇ ಕುಡಿಯುವುದಿಲ್ಲ, ಯಾಕೆ ಅಂತ ಕೇಳಿದರೆ ಕಾಲೇಜಿನ ಟಾಯ್ಲೆಟ್‌ಗೆ ಹೋಗೋಕಾಗಲ್ಲ ಆಂಟಿ ಅನ್ನುತ್ತಾರೆ. ಕೈಯಲ್ಲಿ ಇರುವ ಐವತ್ತು ರೂಪಾಯಿಯಲ್ಲಿ ಬಸ್ಸಿಗೇ ಹೆಚ್ಚು ಹೋಗುತ್ತದೆ, ನಮ್ಮ ಕಡೆ ಓಡುವುದು ಖಾಸಗಿ ಬಸ್ಸೇ ಜಾಸ್ತಿ, ಅದರಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ನಡೆಯುವುದಿಲ್ಲ.

ಹತ್ತನೇ ತರಗತಿವರೆಗೆ ಸರಕಾರಿ ಶಾಲೆಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ ಇತ್ತು. ನನ್ನ ಮಗಳು ಪಿಯುಸಿಗೆ ಸೇರಿದ ದಿನ ಅದೆಲ್ಲ ನಿಂತಿತು. ಹತ್ತನೇ ತರಗತಿ ಪಾಸಾದ ಕೂಡಲೇ ಹಸಿವೂ ಪಾಸಾಗಿ ಹೋಗುತ್ತದೆಯೇ? ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಹನ್ನೆರಡನೇ ತರಗತಿವರೆಗೂ ಕೊಡಬೇಕು ಅಂತ ಯೋಜನೆ ಇದೆ, ಇವಳು ಹೈಸ್ಕೂಲ್ ಬಿಟ್ಟ ಮೇಲೆ ಅದರ ಮುಖ ನೋಡಿಲ್ಲ. ಆಗ ಕೊಟ್ಟಿದ್ದನ್ನೂ ನುಂಗದೆ ಕಂಪಾಸ್ ಬಾಕ್ಸಿನಲ್ಲಿ ಕೂಡಿಟ್ಟಿದ್ದಳು, ವಾಕರಿಕೆ ಬರುತ್ತದೆ ಅಂತ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹಾಗೆ ಬರುವುದುಂಟು. ಊಟ ಆದ ಮೇಲೆ ನುಂಗು ಅಂತ ಒಂದು ಮಾತು ಹೇಳಿ ಕೊಡಬಹುದಿತ್ತು.

ನಾನೂ ಸುಮ್ನೆ ಕೂತಿಲ್ಲ. ಹುರುಳಿ ಉಸಲಿ ಮಾಡಿಟ್ಟೆ, ಒಂದು ವಾರ ನಾವೇ ತಿಂದೆವು. ಆಮೇಲೆ ಬಿಸಿ ಅಕ್ಕಿ ರೊಟ್ಟಿಗೆ ಮೊಟ್ಟೆ ಪಲ್ಯ ಹಾಕಿ, ಸುತ್ತಿ, ಪೇಪರಿನಲ್ಲಿ ಕೊಟ್ಟು "ರೋಲ್" ಅಂತ ಹೆಸರಿಟ್ಟೆ. ಅದು ಹೋಗುತ್ತಿದೆ. ಪಫ್ಸಿನ ಬೆಲೆಗೇ ಕೊಡುತ್ತೇನೆ, ಲಾಭ ಕಮ್ಮಿ. ಆದರೆ ಬಸ್ ಸ್ಟ್ಯಾಂಡಿನ ಒಂದು ಕ್ಯಾಂಟೀನ್ ಎಷ್ಟು ಮಂದಿಗೆ ಮಾಡೀತು? ಪಿಯು ಕಾಲೇಜುಗಳಿಗೂ ಬಿಸಿಯೂಟ ಕೊಡಿ. ಅಡುಗೆ ಮನೆ ಬೇರೆ ಕಟ್ಟಿಸಬೇಕಾಗಿಲ್ಲ, ಎಷ್ಟೋ ಕಡೆ ಹೈಸ್ಕೂಲೂ ಕಾಲೇಜೂ ಒಂದೇ ಕಾಂಪೌಂಡಿನೊಳಗೆ ಇವೆ. ಒಲೆ ಅಲ್ಲೇ ಉರಿಯುತ್ತಿದೆ, ಈ ಮಕ್ಕಳು ಅದರ ವಾಸನೆ ಕುಡಿಯುತ್ತಾ ಗೇಟು ದಾಟಿ ನನ್ನ ಹತ್ತಿರ ಪಫ್ಸಿಗೆ ಬರುತ್ತಾರೆ.

ಇಂತಿ,
ಒಬ್ಬ ಕ್ಯಾಂಟೀನಿನವಳು,
ವಿರಾಜಪೇಟೆ ತಾಲ್ಲೂಕು, ಕೊಡಗು