ಮುಂದಿನ ತಿಂಗಳಿಂದ ಸಹಾಯಕ್ಕೆ ಐಎಂ ಬೇಡ, ನೋಟ್‌ಕಾರ್ಡ್ ಹಾಕಿ

ಪ್ರೀತಿಯ ಗ್ರಾಹಕರೇ,

ಮೊದಲು ವಿಷಯ ಹೇಳಿಬಿಡುತ್ತೇವೆ. ಮುಂದಿನ ತಿಂಗಳು 1ನೇ ತಾರೀಖಿನಿಂದ ಹಗಲು ರಾತ್ರಿ ಅನ್ನದೆ ಐಎಂನಲ್ಲಿ (ಇನ್‌ಸ್ಟಂಟ್ ಮೆಸೇಜ್) ಸಹಾಯ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮೇಲೆ ತೊಂದರೆ ಏನೇ ಇದ್ದರೂ ಒಂದು ನೋಟ್‌ಕಾರ್ಡ್‌ನಲ್ಲಿ (ಆಟದೊಳಗಿನ ಬರಹದ ಚೀಟಿ) ಬರೆದು, ಸೆಕೆಂಡ್ ಲೈಫ್ ಅನ್ನುವ ಆನ್‌ಲೈನ್ ಲೋಕದಲ್ಲಿ ಮನೆ, ಸೋಫಾ, ದೀಪ ಮಾರುವ ನಮ್ಮ ಅಂಗಡಿಯ ಬಾಗಿಲ ಪಕ್ಕ ಇಟ್ಟಿರುವ ನೀಲಿ ಪೆಟ್ಟಿಗೆಗೆ ಹಾಕಿ. ಎರಡು ದಿನದೊಳಗೆ ಉತ್ತರ ಬರುತ್ತದೆ. ಶನಿವಾರ, ಭಾನುವಾರ ಎಸ್‌ಎಲ್ ಟೈಮ್ (ಸೆಕೆಂಡ್ ಲೈಫ್‌ನ ಗಡಿಯಾರ) ಬೆಳಿಗ್ಗೆ 8ರಿಂದ 10ರವರೆಗೆ ನಮ್ಮ ಮೂವರಲ್ಲಿ ಒಬ್ಬರು ಅಂಗಡಿಯಲ್ಲೇ ಇರುತ್ತಾರೆ. ಆಗ ಬಂದು ಮುಖಾಮುಖಿ ಮಾತಾಡಬಹುದು.

ಹಳಬರಿಗೆ ಇದು ಬೇಸರ ತರುತ್ತದೆ ಅಂತ ಗೊತ್ತು. ನಮಗೂ ಬೇಸರವೇ. ಆದರೆ ಹೋದ ತಿಂಗಳು ಒಂದು ಘಟನೆ ಆಯಿತು. ನಮ್ಮಿಂದ ಮೊದಲಿಂದಲೂ ಕೊಳ್ಳುತ್ತಿದ್ದ ಒಬ್ಬರು ಮನೆಯ ಬಾಗಿಲು ತೆರೆಯುತ್ತಿಲ್ಲ ಅಂತ ಮೂರು ಸಲ ಐಎಂ ಮಾಡಿದ್ದರು. ಒಂದೂ ನಮಗೆ ಸಿಗಲಿಲ್ಲ. ನಾವು ಆಫ್‌ಲೈನ್ ಇದ್ದಾಗ ಬರುವ ಐಎಂಗಳಿಗೆ ಒಂದು ಮಿತಿ ಇದೆ, ಅದು ತುಂಬಿದ ಮೇಲೆ ಕಳಿಸಿದ್ದು ನಮ್ಮ ಹತ್ತಿರ ಬರುವುದೇ ಇಲ್ಲ. ಅವರು ಆರು ದಿನ ಕಾದು, ಆಮೇಲೆ "ದುಡ್ಡು ತಗೊಂಡು ಬಾಯಿ ಮುಚ್ಚಿಕೊಂಡಿದ್ದಾರೆ" ಅಂತ ಗ್ರೂಪ್‌ನಲ್ಲಿ ಬರೆದರು. ಆ ಮಾತು ಚುಚ್ಚಿತು. ಆದರೆ ಅವರ ಜಾಗದಲ್ಲಿ ನಾವಿದ್ದರೂ ಹಾಗೇ ಬರೆಯುತ್ತಿದ್ದೆವು. ಅವರ ಹತ್ತಿರ ಕ್ಷಮೆ ಕೇಳಿದ್ದೇವೆ, ಇಲ್ಲಿ ಎಲ್ಲರ ಮುಂದೆ ಇನ್ನೊಮ್ಮೆ ಕೇಳುತ್ತೇವೆ. ಪೆಟ್ಟಿಗೆಗೆ ಹಾಕಿದ ನೋಟ್‌ಕಾರ್ಡ್ ಅದರೊಳಗೇ ಉಳಿಯುತ್ತದೆ, ಎಲ್ಲೂ ಹೋಗುವುದಿಲ್ಲ. ಈ ಬದಲಾವಣೆಗೆ ಕಾರಣ ಅಷ್ಟೇ.

ಈಗ ಎಲ್ಲಕ್ಕಿಂತ ಜಾಸ್ತಿ ಕೇಳಿದ ದೂರು. "ನಿಮ್ಮ ಮನೆ ಇಟ್ಟ ಮೇಲೆ ಲ್ಯಾಗ್ ಶುರುವಾಯಿತು." ವಾರಕ್ಕೆ ನಾಲ್ಕೈದು ಸಲವಾದರೂ ಕೇಳುತ್ತೇವೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇವೆ, ದಯವಿಟ್ಟು ಪೂರ್ತಿ ಓದಿ.

ಲ್ಯಾಗ್, ಅಂದರೆ ಎಲ್ಲವೂ ತಡವರಿಸಿ ನಿಧಾನ ಆಗುವುದು, ಒಂದೇ ಕಾಯಿಲೆ ಅಲ್ಲ. ಸರ್ವರ್ ನಿಧಾನ ಆಗಬಹುದು, ನಿಮ್ಮ ಇಂಟರ್ನೆಟ್ ನಿಧಾನ ಇರಬಹುದು, ಅಥವಾ ನಿಮ್ಮ ಕಂಪ್ಯೂಟರ್‌ಗೆ ಚಿತ್ರ ಬಿಡಿಸಿ ಮುಗಿಸಲು ಆಗದೆ ಇರಬಹುದು. ಮೂರಕ್ಕೂ ಪರದೆಯ ಮೇಲೆ ಕಾಣುವುದು ಹೆಚ್ಚುಕಡಿಮೆ ಒಂದೇ ತರ, ಮದ್ದು ಮಾತ್ರ ಬೇರೆ ಬೇರೆ. ಯಾವುದು ಅಂತ ತಿಳಿಯಲು ಎರಡು ನಿಮಿಷ ಸಾಕು. ಕಂಟ್ರೋಲ್, ಶಿಫ್ಟ್, 1 ಮೂರನ್ನೂ ಒಟ್ಟಿಗೆ ಒತ್ತಿ. ಸ್ಟ್ಯಾಟಿಸ್ಟಿಕ್ಸ್ ಪಟ್ಟಿ ತೆರೆಯುತ್ತದೆ. ಅದರಲ್ಲಿ ಟೈಮ್ ಡೈಲೇಷನ್ (ಸರ್ವರ್ ಎಷ್ಟು ಹಿಂದೆ ಬಿದ್ದಿದೆ ಅನ್ನುವ ಅಳತೆ) ನೋಡಿ. ಅದು 1ರ ಹತ್ತಿರ ಇದ್ದು, ಸಿಮ್ ಎಫ್‌ಪಿಎಸ್ (ಸರ್ವರ್ ಸೆಕೆಂಡಿಗೆ ಮುಗಿಸುವ ಫ್ರೇಮ್‌ಗಳು) 45ರ ಆಸುಪಾಸಿನಲ್ಲಿ ಇದ್ದರೆ ಸರ್ವರ್ ಆರಾಮಾಗಿದೆ. ಸರ್ವರ್‌ಗೆ ಒಂದೊಂದು ಫ್ರೇಮ್ ಮುಗಿಸಲು 22 ಮಿಲಿಸೆಕೆಂಡ್ ಸಮಯ ಇರುತ್ತದೆ. ಒಂದು ರೀಜನ್‌ನಲ್ಲಿ, ಅಂದರೆ ಆ ಲೋಕದ ಒಂದು ಚೌಕ ತುಂಡಿನಲ್ಲಿ ಇರುವ ಎಲ್ಲ ಸ್ಕ್ರಿಪ್ಟ್ (ವಸ್ತುಗಳನ್ನು ಓಡಿಸುವ ಪುಟ್ಟ ಪ್ರೋಗ್ರಾಂ), ಎಲ್ಲ ಅವತಾರಗಳ (ಅಲ್ಲಿ ಓಡಾಡುವ ನಮ್ಮ ರೂಪ) ಕೆಲಸ ಅಷ್ಟರಲ್ಲೇ ಮುಗಿಯಬೇಕು. ಮುಗಿಯದಿದ್ದರೆ ಸ್ಕ್ರಿಪ್ಟ್ಸ್ ರನ್ ಅನ್ನುವ ಸಾಲು ನೂರಕ್ಕೆ ನೂರು ತೋರಿಸದೆ ಕೆಳಗೆ ಇಳಿದಿರುತ್ತದೆ. ಆಗ ಬಾಗಿಲು ತಡವಾಗಿ ತೆರೆಯುತ್ತದೆ, ದೀಪ ಒತ್ತಿದ ಮೇಲೆ ಯೋಚನೆ ಮಾಡಿ ಹತ್ತುತ್ತದೆ. ಇದಕ್ಕೆ ನಿಮ್ಮ ಕೈಲಾಗುವುದು ಜಾಸ್ತಿ ಇಲ್ಲ. ರೀಜನ್ ಮಾಲೀಕರಿಗೆ ಹೇಳಿ, ಯಾವ ಸ್ಕ್ರಿಪ್ಟ್ ಎಷ್ಟು ಸಮಯ ತಿನ್ನುತ್ತಿದೆ ಅನ್ನುವ ಪಟ್ಟಿ ಅವರಿಗೆ ಕಾಣುತ್ತದೆ.

ಅದೇ ಪಟ್ಟಿಯ ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋಗುವ ಡೇಟಾ) ಸೊನ್ನೆಗಿಂತ ಮೇಲೆ ಏರಿ ಅಲ್ಲೇ ನಿಂತಿದ್ದರೆ ಇಂಟರ್ನೆಟ್ ಕಡೆ ನೋಡಿ. ವೈಫೈ ಬಿಟ್ಟು ವೈರ್ ಹಾಕಿ, ರೌಟರ್ ಆಫ್ ಮಾಡಿ ಆನ್ ಮಾಡಿ.

ಈ ಎರಡೂ ಸರಿ ಇದ್ದು, ಪಟ್ಟಿಯ ಮೇಲ್ಭಾಗದ ಎಫ್‌ಪಿಎಸ್ (ನಿಮ್ಮ ಕಂಪ್ಯೂಟರ್ ಸೆಕೆಂಡಿಗೆ ಬಿಡಿಸುವ ಚಿತ್ರಗಳು) ಮಾತ್ರ 8, 10 ಅಂತ ತೆವಳುತ್ತಿದ್ದರೆ ತೊಂದರೆ ಇರುವುದು ನಿಮ್ಮ ಕಂಪ್ಯೂಟರ್ ಮತ್ತು ಸೆಟ್ಟಿಂಗ್‌ನಲ್ಲಿ. ನಮಗೆ ಬರುವ ದೂರುಗಳಲ್ಲಿ ಹೆಚ್ಚಿನವು ಇವೇ. ಒಬ್ಬರ ಮನೆಗೆ ನಾವೇ ಹೋಗಿ ಕೂತು ನೋಡಿದೆವು. ಅವರ ಡ್ರಾ ಡಿಸ್ಟೆನ್ಸ್, ಅಂದರೆ ಎಷ್ಟು ದೂರದವರೆಗೆ ಬಿಡಿಸಬೇಕು ಅನ್ನುವ ಸೆಟ್ಟಿಂಗ್, 512 ಮೀಟರ್‌ಗೆ ಇತ್ತು. ಒಂದು ರೀಜನ್‌ನ ಒಂದು ಬದಿಯೇ 256 ಮೀಟರ್. ಅಂದರೆ ಅವರ ಕಂಪ್ಯೂಟರ್ ಪಕ್ಕದ ರೀಜನ್, ಅದರ ಪಕ್ಕದ ರೀಜನ್, ಅಲ್ಲಿನ ಡಾನ್ಸ್ ಕ್ಲಬ್ ಎಲ್ಲವನ್ನೂ ಬಿಡಿಸಲು ಒದ್ದಾಡುತ್ತಿತ್ತು. 128ಕ್ಕೆ ಇಳಿಸಿದೆವು. ದೂರ ನಾಲ್ಕನೇ ಒಂದು ಭಾಗ ಆದರೆ ನೋಡಬೇಕಾದ ಜಾಗ ಹದಿನಾರನೇ ಒಂದು ಭಾಗ ಆಗುತ್ತದೆ, ಅಲ್ವಾ? ಅದೇ ಮನೆ, ಅದೇ ಕಂಪ್ಯೂಟರ್, ಸರಾಗವಾಗಿ ಓಡಾಡಿದರು. ಮನೆಯೊಳಗೆ ಇರುವಾಗ 64 ಸಾಕೇ ಸಾಕು. ಪಿಬಿಆರ್ (ಲೋಹ, ಮರ ನಿಜದ ಹಾಗೆ ಕಾಣಿಸುವ ಹೊಸ ಪದ್ಧತಿ) ಬಂದ ಮೇಲಿನ ವ್ಯೂವರ್‌ಗಳಲ್ಲಿ (ಸೆಕೆಂಡ್ ಲೈಫ್ ತೆರೆಯುವ ಪ್ರೋಗ್ರಾಂ) ಅಡ್ವಾನ್ಸ್ಡ್ ಲೈಟಿಂಗ್ (ಬೆಳಕು ನೆರಳಿನ ಭಾರದ ಸೆಟ್ಟಿಂಗ್) ಆಫ್ ಮಾಡುವ ಆಯ್ಕೆಯೇ ಇಲ್ಲ, ಹಾಗಾಗಿ ಹಳೇ ಕಂಪ್ಯೂಟರ್‌ಗಳಿಗೆ ಕಷ್ಟ ಜಾಸ್ತಿಯಾಗಿರುವುದು ನಿಜ. ಶಾಡೋ ಆಫ್ ಮಾಡಿ, ರಿಫ್ಲೆಕ್ಷನ್ ಇಳಿಸಿ, ಅವತಾರ್ ಕಾಂಪ್ಲೆಕ್ಸಿಟಿ (ಅವತಾರಗಳನ್ನು ಬಿಡಿಸುವ ಭಾರ) ಮಿತಿಯನ್ನು ಕೆಳಗೆ ತನ್ನಿ.

ಇಷ್ಟಾದ ಮೇಲೂ ನಮ್ಮ ಮನೆ ಮೇಲೇ ಅನುಮಾನ ಇದ್ದರೆ ನೇರವಾಗಿ ಪರೀಕ್ಷೆ ಮಾಡಿ. ಕ್ಯಾಮೆರಾ ಒಂದು ಕಡೆ ನಿಲ್ಲಿಸಿ, ಎಫ್‌ಪಿಎಸ್ ಬರೆದುಕೊಳ್ಳಿ, ಮನೆಯನ್ನು ಇನ್ವೆಂಟರಿಗೆ (ನಿಮ್ಮ ವಸ್ತುಗಳ ಸಂಗ್ರಹ) ತೆಗೆದುಕೊಳ್ಳಿ, ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ದೊಡ್ಡ ವ್ಯತ್ಯಾಸ ಕಂಡರೆ ಎರಡೂ ಸಂಖ್ಯೆ ನಮಗೆ ಕಳಿಸಿ. ಮನೆ ವಾಪಸ್ ತಗೊಂಡು ಪೂರ್ತಿ ದುಡ್ಡು ಕೊಡುತ್ತೇವೆ, ವಾದ ಮಾಡುವುದಿಲ್ಲ.

ಯಾಕೆಂದರೆ ನಮ್ಮದೂ ತಪ್ಪಾಗಿದೆ. ಎಂಟು ದಿಂಬಿನ ಆ ದೊಡ್ಡ ಸೋಫಾ ನೆನಪಿದೆಯಲ್ಲ, ಅದರ ಒಂದೊಂದು ದಿಂಬಿಗೂ 1024ರ ಟೆಕ್ಸ್ಚರ್ (ಮೇಲೆ ಹೊದಿಸುವ ಚಿತ್ರ, ಒಂದು ಬದಿಗೆ 1024 ಪಿಕ್ಸೆಲ್) ಹಾಕಿದ್ದೆವು. ಅಂಥದ್ದೊಂದು ವಿಡಿಯೋ ಮೆಮೊರಿಯಲ್ಲಿ ಬಿಚ್ಚಿಕೊಂಡರೆ 4 ಎಂಬಿ. ದಿಂಬುಗಳಿಗೇ 32 ಎಂಬಿ! 256ರ ಟೆಕ್ಸ್ಚರ್ ಹಾಕಿದ್ದರೆ ಎಂಟಕ್ಕೂ ಸೇರಿ 2 ಎಂಬಿಯಲ್ಲಿ ಮುಗಿಯುತ್ತಿತ್ತು, ಕಣ್ಣಿಗೆ ವ್ಯತ್ಯಾಸವೂ ಗೊತ್ತಾಗುತ್ತಿರಲಿಲ್ಲ. ಮೂಲೆ ದೀಪದ ಸ್ಕ್ರಿಪ್ಟ್ ಕೂಡ ಯಾರಾದರೂ ಬಂದರಾ ಅಂತ ಪ್ರತಿ ಸೆಕೆಂಡ್ ಹುಡುಕುತ್ತಿತ್ತು. ಎರಡನ್ನೂ ಸರಿ ಮಾಡಿ ಕೊಂಡವರೆಲ್ಲರಿಗೂ ಹೊಸದನ್ನು ಕಳಿಸಿದ್ದೇವೆ. ಸಿಗದವರು ಅಂಗಡಿಯ ರೀಡೆಲಿವರಿ ಟರ್ಮಿನಲ್ (ಕೊಂಡದ್ದನ್ನು ಮತ್ತೆ ಕಳಿಸುವ ಯಂತ್ರ) ಮುಟ್ಟಿ, ಬರುತ್ತದೆ. ಆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಬೆಲೆ ಬಗ್ಗೆಯೂ ಮಾತು ಬಂದಿದೆ. ಹೊಸ ಮನೆಗಳ ಬೆಲೆ ಏರಿಸಿ, ಈಗ ಸಹಾಯವನ್ನೂ ಕಡಿಮೆ ಮಾಡುತ್ತಿದ್ದೀರಿ ಅಂತ. ಸಹಾಯಕ್ಕೆ ನಾವು ಇವತ್ತಿನವರೆಗೆ ಒಂದು ಲಿಂಡನ್ ಡಾಲರ್ (ಸೆಕೆಂಡ್ ಲೈಫ್‌ನ ನಾಣ್ಯ) ಕೂಡ ತಗೊಂಡಿಲ್ಲ, ಮುಂದೆಯೂ ತಗೊಳ್ಳುವುದಿಲ್ಲ. ಬೆಲೆ ಏರಿದ್ದಕ್ಕೆ ಕಾರಣ ಬೇರೆ. 1024ರವರೆಗಿನ ಒಂದು ಟೆಕ್ಸ್ಚರ್ ಅಪ್‌ಲೋಡ್ ಮಾಡಲು 10 ಲಿಂಡನ್ ಡಾಲರ್. ಪಿಬಿಆರ್‌ನಲ್ಲಿ ಒಂದು ಮೆಟೀರಿಯಲ್‌ಗೆ ನಾಲ್ಕು ಟೆಕ್ಸ್ಚರ್‌ವರೆಗೆ ಬೇಕಾಗುತ್ತದೆ. ಬಣ್ಣಕ್ಕೊಂದು, ಉಬ್ಬುತಗ್ಗಿಗೊಂದು, ಲೋಹದ ಗುಣ ಮತ್ತು ಒರಟುತನಕ್ಕೊಂದು, ತಾನೇ ಹೊಳೆಯುವ ಜಾಗಕ್ಕೊಂದು. ಪಿಬಿಆರ್ ಇಲ್ಲದ ವ್ಯೂವರ್‌ನಲ್ಲಿ ನೋಡುವವರಿಗೆ ವಸ್ತು ಬೋಳಾಗಿ ಕಾಣಬಾರದು ಅಂತ ಹಳೇ ಪದ್ಧತಿಯ ಟೆಕ್ಸ್ಚರನ್ನೂ ಹಾಕುತ್ತೇವೆ. ಮೆಶ್‌ಗೆ (ವಸ್ತುವಿನ ಮೂರು ಆಯಾಮದ ಆಕಾರ) ಅದರ ಗಾತ್ರ, ಜಟಿಲತೆ ನೋಡಿ ಬೇರೆ ಶುಲ್ಕ. ಪರೀಕ್ಷೆಯನ್ನು ಅದಿತಿ ಗ್ರಿಡ್‌ನಲ್ಲಿ (ಪರೀಕ್ಷೆಗೆಂದೇ ಇರುವ ಲೋಕ) ಪುಕ್ಕಟೆ ಮಾಡಿಕೊಳ್ಳುತ್ತೇವೆ, ಆದರೂ ಅಗ್ನಿಗೆ (ಎಲ್ಲರೂ ಓಡಾಡುವ ಮುಖ್ಯ ಲೋಕ) ತಂದ ಮೇಲೆ ಒಂದು ಜೋಡಣೆ ಸರಿ ಇಲ್ಲ ಅಂದರೆ ಶುಲ್ಕ ಮತ್ತೆ ಕಟ್ಟಲೇಬೇಕು. 2020ರಲ್ಲಿ ಮಾರ್ಕೆಟ್‌ಪ್ಲೇಸ್ (ಸೆಕೆಂಡ್ ಲೈಫ್‌ನ ವೆಬ್ ಅಂಗಡಿ) ಕಮಿಷನ್ ಶೇಕಡಾ 5ರಿಂದ 10 ಆಯಿತು. ಆಗ ಹಳೇ ಮನೆಗಳ ಬೆಲೆ ಒಂದು ಪೈಸೆಯಷ್ಟೂ ಏರಿಸಲಿಲ್ಲ, ನಾವೇ ಕೈಯಿಂದ ಹಾಕಿಕೊಂಡೆವು. ನೀವು ಒಳಗೆ ಓಡಾಡಿ ನೋಡಿ ಕೊಳ್ಳಲಿ ಅಂತ ಎಲ್ಲ ಮನೆಗಳನ್ನೂ ನಿಲ್ಲಿಸಿರುವ ಜಾಗಕ್ಕೆ ತಿಂಗಳು ತಿಂಗಳು ಟಿಯರ್ (ಜಾಗದ ಶುಲ್ಕ) ಕಟ್ಟುತ್ತೇವೆ, ವ್ಯಾಪಾರ ಆದರೂ ಸರಿ, ಆಗದಿದ್ದರೂ ಸರಿ. ಇದನ್ನೆಲ್ಲ ಹೇಳಿಕೊಳ್ಳಬೇಕು ಅಂತ ಇರಲಿಲ್ಲ. ಸುಮ್ನೆ ದುಡ್ಡು ಮಾಡುತ್ತಿದ್ದಾರೆ ಅಂತ ನೀವು ಅಂದುಕೊಳ್ಳಬಾರದಲ್ಲ, ಅದಕ್ಕೆ ಹೇಳಿದೆವು.

ನೋಟ್‌ಕಾರ್ಡ್ ಹಾಕಿ ಕಾಯುವ ಮೊದಲು ನೀವೇ ಮಾಡಿ ನೋಡಬಹುದಾದ ಇನ್ನಷ್ಟು ಸಂಗತಿಗಳಿವೆ.

ದಯವಿಟ್ಟು ಎಲ್ಲದಕ್ಕೂ ಕ್ಯಾಶ್ (cache, ವ್ಯೂವರ್ ನಿಮ್ಮ ಕಂಪ್ಯೂಟರ್‌ನಲ್ಲಿ ಉಳಿಸಿಕೊಳ್ಳುವ ಫೈಲ್‌ಗಳು) ಕ್ಲಿಯರ್ ಮಾಡಬೇಡಿ. ಯಾರೋ ಹೇಳಿದರು ಅಂತ ದಿನಾ ಮಾಡುವವರೂ ಇದ್ದಾರೆ. ಒಮ್ಮೆ ಇಳಿಸಿಕೊಂಡ ಟೆಕ್ಸ್ಚರ್, ಮೆಶ್ ಎಲ್ಲ ಅದರಲ್ಲಿರುತ್ತದೆ. ಅದನ್ನು ಅಳಿಸಿದರೆ ಎಲ್ಲವೂ ಮೊದಲಿಂದ ಇಳಿಯಬೇಕು, ಗೋಡೆಗಳು ಬೂದು ಬಣ್ಣದಲ್ಲೇ ನಿಂತಿರುತ್ತವೆ, ಆಮೇಲೆ ನಮ್ಮ ಮನೆ ಲೋಡ್ ಆಗುವುದಿಲ್ಲ ಅನ್ನುವ ದೂರು ಬರುತ್ತದೆ. ಅದು ಕೊನೆಯ ಮದ್ದು.

ಕೊಂಡ ವಸ್ತು ಇನ್ವೆಂಟರಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ. ಮಾರ್ಕೆಟ್‌ಪ್ಲೇಸ್‌ನಲ್ಲಿ ಕೊಂಡಿದ್ದರೆ ರಿಸೀವ್ಡ್ ಐಟಮ್ಸ್ ಫೋಲ್ಡರ್ ನೋಡಿ. ಲಾಸ್ಟ್ ಅಂಡ್ ಫೌಂಡ್, ಟ್ರ್ಯಾಶ್ ಎರಡನ್ನೂ ನೋಡಿ. ಇನ್ವೆಂಟರಿಯ ಒಟ್ಟು ಸಂಖ್ಯೆಯೇ ಇಳಿದಿದೆ ಅಂದರೆ ಆಗ ಇನ್ವೆಂಟರಿ ಕ್ಯಾಶ್ ಒಂದನ್ನೇ ಕ್ಲಿಯರ್ ಮಾಡಿ, ಜನ ಇಲ್ಲದ ರೀಜನ್‌ಗೆ ಲಾಗಿನ್ ಆಗಿ, ಸಂಖ್ಯೆ ಏರುತ್ತಾ ಹೋಗಿ ನಿಲ್ಲುವವರೆಗೆ ಏನನ್ನೂ ಮುಟ್ಟದೆ ಕಾಯಿರಿ. ಬಹಳ ಸಲ ಎಲ್ಲ ವಾಪಸ್ ಬರುತ್ತದೆ. ಬರದಿದ್ದರೂ ನಮ್ಮಲ್ಲಿ ಕೊಂಡದ್ದಕ್ಕೆ ಟರ್ಮಿನಲ್ ಇದ್ದೇ ಇದೆ.

ಕೊಂಡ ವಸ್ತು ಬಂದ ಪೆಟ್ಟಿಗೆ ತೆರೆಯುತ್ತಿಲ್ಲ ಅನ್ನುವವರು ಮೊದಲು ಯಾರ ಜಾಗದಲ್ಲಿ ನಿಂತಿದ್ದೀರಿ ನೋಡಿ. ಅಲ್ಲಿ ವಸ್ತು ಇಡಲು, ಸ್ಕ್ರಿಪ್ಟ್ ಓಡಲು ಅನುಮತಿ ಇಲ್ಲದಿದ್ದರೆ ತೆರೆಯುವುದಿಲ್ಲ. ಯಾವುದಾದರೂ ಸ್ಯಾಂಡ್‌ಬಾಕ್ಸ್‌ಗೆ (ವಸ್ತು ಇಟ್ಟು ನೋಡಲು ಬಿಟ್ಟಿರುವ ಜಾಗ) ಹೋಗಿ ತೆರೆಯಿರಿ.

ಅವತಾರ ಮೋಡದ ಹಾಗೆ ಉಳಿದರೆ ಕಂಟ್ರೋಲ್, ಆಲ್ಟ್, ಆರ್ ಒತ್ತಿ. ಶೇಪ್, ಸ್ಕಿನ್, ಕೂದಲಿನ ಬೇಸ್, ಕಣ್ಣು ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಮೋಡ ಕರಗುವುದಿಲ್ಲ. ಹಾಗಾದರೆ ಇನ್ವೆಂಟರಿಯ ಲೈಬ್ರರಿಯಲ್ಲಿರುವ ಯಾವುದಾದರೂ ಪೂರ್ತಿ ಔಟ್‌ಫಿಟ್ ಹಾಕಿಕೊಂಡು, ಆಮೇಲೆ ನಿಮ್ಮದನ್ನು ಒಂದೊಂದಾಗಿ ಹಾಕಿಕೊಳ್ಳಿ. ಮೈ ಸೊಟ್ಟಗೆ ತಿರುಚಿಕೊಂಡಿದ್ದರೆ ಅವತಾರದ ಮೇಲೆ ರೈಟ್ ಕ್ಲಿಕ್ ಮಾಡಿ ರೀಸೆಟ್ ಸ್ಕೆಲಿಟನ್ ಒತ್ತಿ, ಅಷ್ಟೇ.

ನಮ್ಮ ಸೋಫಾದಲ್ಲಿ ಕೂತರೆ ಗಾಳಿಯಲ್ಲಿ ತೇಲುತ್ತೇನೆ, ಮಂಡಿ ಕುಶನ್ ಒಳಗೆ ಹೋಗುತ್ತದೆ ಅನ್ನುವುದು ಇನ್ನೊಂದು. ಹೆಚ್ಚಿನ ಸಲ ಅದು ನಿಮ್ಮ ಎಒ (ಅವತಾರದ ನಡಿಗೆ, ಕೂರುವ ಭಂಗಿ ಬದಲಿಸುವ ಸಾಧನ) ಸೋಫಾದ ಜೊತೆ ಜಗಳ ಆಡುತ್ತಿರುವುದು. ಎಒನಲ್ಲಿ ಸಿಟ್ ಆಫ್ ಮಾಡಿ, ಎದ್ದು ಮತ್ತೆ ಕೂರಿ.

ಹಿತ್ತಾಳೆ ದೀಪ, ಸ್ಟೀಲ್ ಕಾಲಿನ ಮೇಜು ಕಪ್ಪಗೆ ಕಾಣುತ್ತಿದೆ ಅಂತ ಬರೆದವರಿಗೆ: ಪಿಬಿಆರ್ ಲೋಹ ಸುತ್ತಲಿನ ಪ್ರತಿಬಿಂಬದಿಂದಲೇ ಹೊಳೆಯುವುದು. ಪ್ರತಿಬಿಂಬ ಇಲ್ಲದ ಕತ್ತಲೆ ಕೋಣೆಯಲ್ಲಿ ಅದು ಕಪ್ಪೇ. ಹೊಸ ಮನೆಗಳಲ್ಲಿ ಪ್ರತಿ ಕೋಣೆಗೂ ರಿಫ್ಲೆಕ್ಷನ್ ಪ್ರೋಬ್ (ಆ ಕೋಣೆಯ ಪ್ರತಿಬಿಂಬ ಕೊಡುವ ವಸ್ತು) ಇಟ್ಟಿದ್ದೇವೆ. ಹಳೇ ಮನೆಯವರಿಗೆ ಒಂದು ಪ್ರೋಬ್ ಪುಕ್ಕಟೆ ಕೊಡುತ್ತೇವೆ, ನೋಟ್‌ಕಾರ್ಡ್‌ನಲ್ಲಿ ಕೇಳಿ.

ನೋಟ್‌ಕಾರ್ಡ್‌ನಲ್ಲಿ ಏನು ಬರೆಯಬೇಕು ಅಂದರೆ, ವಸ್ತುವಿನ ಹೆಸರು, ರೀಜನ್ ಹೆಸರು, ಯಾವಾಗ ಆಯಿತು, ಏನು ಕಂಡಿತು, ನೀವು ಏನೇನು ಮಾಡಿ ನೋಡಿದಿರಿ. ಜೊತೆಗೆ ಹೆಲ್ಪ್ ಮೆನುವಿನಲ್ಲಿ ಅಬೌಟ್ ತೆರೆದು, ಅಲ್ಲಿರುವ ಮಾಹಿತಿ ಕಾಪಿ ಮಾಡಿ ಅಂಟಿಸಿ. ಫೈರ್‌ಸ್ಟಾರ್ಮ್ ಆಗಲಿ ಬೇರೆ ವ್ಯೂವರ್ ಆಗಲಿ, ಆವೃತ್ತಿ, ಗ್ರಾಫಿಕ್ಸ್ ಕಾರ್ಡ್ ಎಲ್ಲ ಅದರಲ್ಲೇ ಬರುತ್ತದೆ. ಬರೀ "ಕೆಲಸ ಮಾಡ್ತಿಲ್ಲ" ಅಂತ ಬಂದರೆ ಮತ್ತೆ ಕೇಳುವುದರಲ್ಲೇ ಎರಡು ದಿನ ಹೋಗುತ್ತದೆ. ನೋಟ್‌ಕಾರ್ಡ್ ಬರೆದ ಮೇಲೆ ಸೇವ್ ಒತ್ತುವುದು ಮರೆಯಬೇಡಿ, ಖಾಲಿ ನೋಟ್‌ಕಾರ್ಡ್‌ಗಳು ಪೆಟ್ಟಿಗೆಗೆ ಆಗಲೇ ನಾಲ್ಕು ಬಂದಿವೆ.

ಈ ತಿಂಗಳ ಕೊನೆಯವರೆಗೆ ಬಂದ ಐಎಂಗಳಿಗೆ ಹಳೇ ತರವೇ ಉತ್ತರ ಕೊಡುತ್ತೇವೆ. ನಮ್ಮಿಂದ ಉತ್ತರ ಬಾರದೆ ಉಳಿದಿರುವವರು ದಯವಿಟ್ಟು ಇನ್ನೊಮ್ಮೆ ಬರೆಯಿರಿ, ಬೇಜಾರು ಮಾಡಿಕೊಳ್ಳಬೇಡಿ. ಇಂಥವರ ನೋಟ್‌ಕಾರ್ಡನ್ನೇ ಮೊದಲು ತೆರೆಯುತ್ತೇವೆ. ಶನಿವಾರ ಬೆಳಿಗ್ಗೆ ಅಂಗಡಿ ಕಡೆ ಬಂದರೆ ಬಾಗಿಲ ಹತ್ತಿರದ ಬೆಂಚಿನ ಮೇಲೇ ಕೂತಿರುತ್ತೇವೆ.

ಪ್ರೀತಿಯಿಂದ,
ಅಂಗಡಿಯ ಮೂವರು