ತಾಪಮಾನದ ಜೊತೆ ಅಳೆದ ಜಾಗವನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಹವಾಮಾನ ಕೇಂದ್ರವೊಂದರಲ್ಲಿ 26 ವರ್ಷ ಥರ್ಮಾಮೀಟರ್ ನೋಡಿ ಬರೆದಿಟ್ಟವನು ನಾನು. ಕೆಲಸಕ್ಕೆ ಸೇರಿದಾಗ ಥರ್ಮಾಮೀಟರ್ ಇಟ್ಟಿದ್ದ ಬಿಳಿ ಮರದ ಪೆಟ್ಟಿಗೆಯ ಸುತ್ತ ಹುಲ್ಲಿತ್ತು, ಆಚೆಗೆ ಬಯಲು. ನಿವೃತ್ತಿಯ ಹೊತ್ತಿಗೆ ಮೂರು ಕಡೆ ಕಟ್ಟಡ, ಒಂದು ಕಡೆ ಡಾಂಬರು ರಸ್ತೆ. ಪೆಟ್ಟಿಗೆ ಇದ್ದಲ್ಲೇ ಇತ್ತು. ಊರೇ ಅದರ ಹತ್ತಿರ ಬಂದಿತ್ತು.

ಬದಲಾವಣೆ ಮೊದಲು ಕಂಡಿದ್ದು ಬೆಳಗಿನ ಜಾವದ ಅಂಕಿಯಲ್ಲಿ. ಹಗಲಿಡೀ ಬಿಸಿಲು ಕುಡಿದ ಗೋಡೆ, ರಸ್ತೆಗಳು ರಾತ್ರಿ ಆ ಬಿಸಿಯನ್ನು ನಿಧಾನವಾಗಿ ಬಿಡುತ್ತವೆ. ಗಾಳಿ, ಮೋಡ ಇಲ್ಲದ ರಾತ್ರಿ ಇದು ಇನ್ನೂ ಜಾಸ್ತಿ. ಲಂಡನ್ನಿನ ಒಳಗೆ ರಾತ್ರಿಗಳು ಹೊರಗಿಗಿಂತ ಸುಮಾರು 2 ಡಿಗ್ರಿ ಬೆಚ್ಚಗಿರುವುದನ್ನು ಲ್ಯೂಕ್ ಹೊವಾರ್ಡ್ ಎಂಬ ಹವ್ಯಾಸಿ ಹವಾಮಾನ ವೀಕ್ಷಕರು 200 ವರ್ಷಗಳ ಹಿಂದೆಯೇ ಅಳೆದು ತೋರಿಸಿದ್ದರು.

ಟೋಕಿಯೋದ ಕೇಂದ್ರವನ್ನು 2014ರ ಡಿಸೆಂಬರಿನಲ್ಲಿ ಹತ್ತಿರದಲ್ಲೇ ಇದ್ದ ಮರಗಳ ಉದ್ಯಾನಕ್ಕೆ ಸಾಗಿಸಿದರು. ಅಷ್ಟಕ್ಕೇ ಕನಿಷ್ಠ ತಾಪಮಾನದ ಸರಾಸರಿ 1 ಡಿಗ್ರಿಗೂ ಹೆಚ್ಚು ಇಳಿಯಿತು. ಮೊದಲೇ ಎರಡೂ ಕಡೆ ಅಳೆದು ನೋಡಿದ್ದರಿಂದ ವ್ಯತ್ಯಾಸ ಎಷ್ಟೆಂದು ಗೊತ್ತಿತ್ತು. ಇಲ್ಲದಿದ್ದರೆ ಊರೇ ತಣ್ಣಗಾಯಿತು ಅಂದುಕೊಳ್ಳಬೇಕಿತ್ತು, ಅಲ್ವಾ?

ಒಂದು ಪ್ರದೇಶದ ಸರಾಸರಿ ತೆಗೆಯುವಾಗಲೂ ಇದೇ ತೊಂದರೆ. ಕೇಂದ್ರಗಳೆಲ್ಲ ಬೆಳೆಯುವ ಊರುಗಳಲ್ಲೇ ಇದ್ದರೆ, ಊರಿನ ಬಿಸಿ ಇಡೀ ಪ್ರದೇಶದ ಲೆಕ್ಕಕ್ಕೆ ಸೇರಿಬಿಡುತ್ತದೆ. ಅದಕ್ಕೇ ಸುತ್ತಮುತ್ತಲಿನ ಹಳ್ಳಿ ಕೇಂದ್ರಗಳ ಅಂಕಿಗಳ ಜೊತೆ ಹೋಲಿಸಿ ಸರಿಪಡಿಸುತ್ತಾರೆ. ಹಳ್ಳಿಯ ಕೇಂದ್ರಗಳನ್ನು ಮುಚ್ಚಬಾರದು ಎಂದು ನಾನು ಹೇಳುತ್ತಾ ಬಂದಿರುವುದು ಈ ಕಾರಣಕ್ಕೆ. ಅವು ಹೋದರೆ ಹೋಲಿಸಲು ಏನೂ ಉಳಿಯುವುದಿಲ್ಲ.

ಆದರೆ ಇದನ್ನೇ ಹಿಡಿದು 'ಭೂಮಿ ಬಿಸಿಯಾಗುತ್ತಿಲ್ಲ, ಊರುಗಳು ಮಾತ್ರ' ಎನ್ನುವವರನ್ನು ಕಂಡರೆ ಬೇಸರವಾಗುತ್ತದೆ. ಸಮುದ್ರದಲ್ಲಿ ಕಾಂಕ್ರೀಟ್ ಇಲ್ಲ, ಅದೂ ಬಿಸಿಯಾಗುತ್ತಿದೆ. ಊರುಗಳಿಂದ ದೂರ ಇರುವ ಹಿಮನದಿಗಳೂ ಕರಗುತ್ತಿವೆ. ನೆಲದ ಮೇಲಿನ ಶತಮಾನದ ಏರಿಕೆಯಲ್ಲಿ ಸರಿಪಡಿಸದೆ ಉಳಿದ ಊರಿನ ಬಿಸಿಯ ಪಾಲು ಶೇ 10ಕ್ಕಿಂತ ಹೆಚ್ಚಿರುವ ಸಾಧ್ಯತೆ ಕಡಿಮೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2013ರಲ್ಲೇ ಹೇಳಿದೆ. ಊರಿನಲ್ಲಿ ಇರುವವರಿಗಂತೂ ಎರಡೂ ಬಿಸಿ ನಿಜವೇ. ರಾತ್ರಿ ಮೈ ತಣ್ಣಗಾಗದಿದ್ದರೆ ವಯಸ್ಸಾದವರ ಜೀವಕ್ಕೇ ಅಪಾಯ.

ದಾಖಲೆ ಬಿಸಿಲಿನ ಸುದ್ದಿ ಹಾಕುವಾಗ ಹಗಲಿನ ಗರಿಷ್ಠವನ್ನು ಮಾತ್ರ ದೊಡ್ಡದಾಗಿ ಅಚ್ಚು ಹಾಕಬೇಡಿ. ಪಕ್ಕದಲ್ಲೇ ರಾತ್ರಿಯ ಕನಿಷ್ಠವನ್ನೂ ಕೊಡಿ. ಅಳೆದ ಜಾಗ ಎಂಥದ್ದು, ಹತ್ತಿರದ ಹಳ್ಳಿ ಕೇಂದ್ರದಲ್ಲಿ ಅವತ್ತು ಎಷ್ಟಿತ್ತು ಎಂದು ಒಂದು ಸಾಲು ಸೇರಿಸಿ.

– ನಿವೃತ್ತ ಹವಾಮಾನ ವೀಕ್ಷಕ